ಶಿವನಸಮುದ್ರದ ದೀಪ, ಕನ್ನಂಬಾಡಿಯ ನೀರು

ಚಾಮರಾಜನಗರ ಜಿಲ್ಲೆಯ ಭೂಪಟವನ್ನು ಮೇಜಿನ ಮೇಲೆ ಹರಡಿ, ಹನೂರು ತಾಲ್ಲೂಕಿನ ಬಂಡಳ್ಳಿಯ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕಿ ಇಡಿ. ಅಲ್ಲಿಂದ ಕಾವೇರಿಯನ್ನು ಹುಡುಕುತ್ತ ಹೋಗಿ. ಒಂದು ಕಡೆ ಶಿವನಸಮುದ್ರ. ಅಲ್ಲಿಂದ ನದಿಯ ಹರಿವಿನ ಜೊತೆ ಸಾಗಿದರೆ ಕಾಡು ಮತ್ತು ಕಮರಿಗಳ ನಡುವೆ ಮೇಕೆದಾಟು. ಇನ್ನೂ ಕೆಳಕ್ಕೆ ಹೊಗೆನಕಲ್, ಮೆಟ್ಟೂರು ಜಲಾಶಯದ ಹಿನ್ನೀರು. ನದಿ ಈ ಸೀಮೆಯನ್ನು ಬಳಸಿಕೊಂಡೇ ಹರಿಯುತ್ತದೆ. ಆದರೂ ಹನೂರು ಕಡೆಯ ಹೊಲಗಳಲ್ಲಿ ಬಹುಪಾಲು ಇಂದಿಗೂ ಮಳೆಯನ್ನೇ ನಂಬಿವೆ. ನದಿ ಆಳದ ಕಮರಿಯಲ್ಲಿದೆ, ಹೊಲ ಎತ್ತರದಲ್ಲಿದೆ. ನೀರು ಬೀಳುವ ಎತ್ತರವೇ ವಿದ್ಯುತ್ತಿನ ಮೂಲ. ಅದೇ ಎತ್ತರ ರೈತನಿಗೆ ಅಡ್ಡಿ. ಅಣೆಕಟ್ಟುಗಳ ಲಾಭ ನಷ್ಟದ ಲೆಕ್ಕ ಯಾರ ಪುಸ್ತಕದಲ್ಲಿ ಬರೆಯಲ್ಪಡುತ್ತದೆ ಎಂಬುದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ರಾಜ್ಯದಲ್ಲಿ ಸಿಗುವುದು ಕಷ್ಟ.

ಶಿವನಸಮುದ್ರದ ಕಥೆಯ ಅರ್ಧ ಭಾಗ ನಿಮಗೆ ಗೊತ್ತಿದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆ ರೂಪುಗೊಂಡಿತು, ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯೇರ್ ಅದನ್ನು ನಡೆಸಿದರು, 1902ರ ಜೂನ್ 30ರಂದು ವಿದ್ಯುತ್ ಹರಿಯಿತು. ತಲಾ 720 ಕಿಲೊವಾಟ್‌ನ ಆರು ಯಂತ್ರಗಳು, ಒಟ್ಟು 4,320 ಕಿಲೊವಾಟ್. ಅದು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಅಷ್ಟು ದೂರ ಸಾಗಿಸಲು ಹತ್ತಾರು ಸಾವಿರ ವೋಲ್ಟ್‌ಗಳ ಒತ್ತಡ ಬೇಕಾಯಿತು. ಒತ್ತಡ ಹೆಚ್ಚಿದಷ್ಟೂ ಪ್ರವಾಹ ಕಡಿಮೆ ಸಾಕು. ತಂತಿಯಲ್ಲಿ ಶಾಖವಾಗಿ ಪೋಲಾಗುವುದು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ಪಾಠವನ್ನು ಇಲ್ಲಿಯೇ ಹೇಳಬಹುದು. ಬೆಂಗಳೂರಿನ ಬೀದಿಗೆ ಈ ಬೆಳಕು ಬಂದದ್ದು 1905ರಲ್ಲಿ. ಜಲಪಾತದ ಆಚೆ ದಡದ ಕೊಳ್ಳೇಗಾಲ ಸೀಮೆ ಆಗ ಮೈಸೂರಿಗೆ ಸೇರಿರಲಿಲ್ಲ. ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರವರೆಗೂ ಹಾಗೆಯೇ ಇತ್ತು.

ಇದು ನದಿಯ ಸಹಜ ಹರಿವನ್ನೇ ಬಳಸುವ ಯೋಜನೆ, ದೊಡ್ಡ ಜಲಾಶಯವಿಲ್ಲ, ಮುಳುಗಡೆಯಿಲ್ಲ, ಆದ್ದರಿಂದ ಸಾಮಾಜಿಕ ಬೆಲೆಯೂ ಇಲ್ಲ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಸ್ವಲ್ಪ ತಾಳಿ, ಒಂದು ಲೆಕ್ಕ ಮಾಡೋಣ.

ಜಲವಿದ್ಯುತ್ತಿನ ಸಾಮರ್ಥ್ಯವನ್ನು ಕಿಲೊವಾಟ್‌ನಲ್ಲಿ ತಿಳಿಯಲು 9.8ನ್ನು ಹರಿವಿನಿಂದಲೂ (ಸೆಕೆಂಡಿಗೆ ಘನ ಮೀಟರ್) ಬೀಳುವ ಎತ್ತರದಿಂದಲೂ (ಮೀಟರ್) ಯಂತ್ರಗಳ ದಕ್ಷತೆಯಿಂದಲೂ ಗುಣಿಸಬೇಕು. ಶಿವನಸಮುದ್ರದಲ್ಲಿ ಎತ್ತರ ಸುಮಾರು 120 ಮೀಟರ್. ದಕ್ಷತೆ ನೂರಕ್ಕೆ 80 ಎಂದು ಇಟ್ಟುಕೊಳ್ಳಿ. ಹರಿವು ಸೆಕೆಂಡಿಗೆ 900 ಘನ ಅಡಿ, ಅಂದರೆ 900 ಕ್ಯೂಸೆಕ್ ಇದ್ದರೆ ಅದು ಸುಮಾರು 25.5 ಘನ ಮೀಟರ್. ಸಿಗುವ ಸಾಮರ್ಥ್ಯ 24,000 ಕಿಲೊವಾಟ್. ಅದೇ ಬೇಸಿಗೆಯಲ್ಲಿ ಹರಿವು 100 ಕ್ಯೂಸೆಕ್‌ಗೆ ಇಳಿಯಿತು ಎನ್ನಿ. ಆಗ ಸಿಗುವುದು ಸುಮಾರು 2,700 ಕಿಲೊವಾಟ್ ಮಾತ್ರ. 1902ರಲ್ಲಿ ಕೂರಿಸಿದ ಯಂತ್ರಗಳಿಗೇ ಅದು ಸಾಲದು! ಆದರೆ ಗಣಿ ಬೇಸಿಗೆಯಲ್ಲಿ ನಿಲ್ಲುವುದಿಲ್ಲ. ಸಾವಿರಾರು ಅಡಿ ಆಳದಿಂದ ಅದಿರು ಎತ್ತಬೇಕು, ನೀರು ಹೊರಹಾಕಬೇಕು, ಗಾಳಿ ಆಡಿಸಬೇಕು. ಗಣಿಯ ಬೇಡಿಕೆ ಏರುತ್ತ ಹೋಯಿತು, ಬೇಸಿಗೆಯ ಕಾವೇರಿ ಸೊರಗುತ್ತಲೇ ಇತ್ತು. ಹೀಗಾಗಿ ಮಳೆಗಾಲದ ನೀರನ್ನು ಎಲ್ಲಾದರೂ ಹಿಡಿದಿಡಲೇಬೇಕಾಯಿತು. ಆ 'ಎಲ್ಲಾದರೂ' ಎಂಬುದೇ ಕನ್ನಂಬಾಡಿ.

ಲೆಕ್ಕವನ್ನು ಮುಂದುವರಿಸಿ. ಕೊರತೆಯಾದ 800 ಕ್ಯೂಸೆಕ್‌ಗಳನ್ನು ನಾಲ್ಕು ತಿಂಗಳು, ಅಂದರೆ 120 ದಿನ ಬಿಡಬೇಕೆಂದರೆ ಎಷ್ಟು ಸಂಗ್ರಹ ಬೇಕು? 800ನ್ನು 120ರಿಂದಲೂ 86,400 ಸೆಕೆಂಡುಗಳಿಂದಲೂ ಗುಣಿಸಿದರೆ ಸುಮಾರು 830 ಕೋಟಿ ಘನ ಅಡಿ, 8.3 ಟಿಎಂಸಿ. ದಾರಿಯ ನಷ್ಟವನ್ನು ಸೇರಿಸಿದರೆ ಇನ್ನಷ್ಟು. ಕನ್ನಂಬಾಡಿಯ ಮೊದಲ ಹಂತಕ್ಕೆ ಮದ್ರಾಸು ಸರ್ಕಾರ ಒಪ್ಪಿದ್ದ ಸಂಗ್ರಹ 11 ಟಿಎಂಸಿ ಎಂಬುದನ್ನು ಈಗ ನೆನೆಯಿರಿ. ಆದರೆ ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರು 1911ರಲ್ಲಿ ಕೆಲಸ ಆರಂಭಿಸಿದಾಗ ಅಡಿಪಾಯವನ್ನು 41.5 ಟಿಎಂಸಿಯ ಪೂರ್ಣ ಅಣೆಕಟ್ಟಿಗೆ ತಕ್ಕಂತೆ ಹಾಕಿಸಿದರು. ವಿದ್ಯುತ್ತಿಗೆ ಚಿಕ್ಕ ಕಟ್ಟೆ ಸಾಕಿತ್ತು. ಮಂಡ್ಯದ ಬಯಲಿಗೆ ನೀರು ಕೊಡಲು ದೊಡ್ಡದು ಬೇಕಿತ್ತು. ಮದ್ರಾಸು ತಕರಾರು ತೆಗೆಯಿತು. 1914ರಲ್ಲಿ ಗ್ರಿಫಿನ್ ತೀರ್ಪು ಬಂತು, ಅದನ್ನೂ ಪ್ರಶ್ನಿಸಲಾಯಿತು, ಕೊನೆಗೆ 1924ರ ಫೆಬ್ರವರಿ 18ರ ಒಪ್ಪಂದ. ಇಂದಿಗೂ ಸುದ್ದಿಯಲ್ಲಿರುವ ಜಗಳದ ಒಂದು ಬೇರು ಗಣಿಯ ಬೇಸಿಗೆಯ ವಿದ್ಯುತ್ತಿನಲ್ಲಿದೆ.

1931ರ ಹೊತ್ತಿಗೆ ಕೃಷ್ಣರಾಜಸಾಗರ ಪೂರ್ಣಗೊಂಡಿತು. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ ಆ ಗೋಡೆಯ ಬಗ್ಗೆ ಎಷ್ಟು ಹೊಗಳಿದರೂ ಸಾಲದು. ಆ ಹೊಗಳಿಕೆ ನಿಮ್ಮ ಪಠ್ಯದಲ್ಲಿ ಸಾಕಷ್ಟಿದೆ. ಗೋಡೆಯ ಹಿಂದೆ ಸುಮಾರು 130 ಚದರ ಕಿಲೋಮೀಟರ್ ನೀರು ನಿಂತಿತು. ಕನ್ನಂಬಾಡಿಯೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು, ಸಾವಿರಾರು ಜನರ ಮನೆ ಹೊಲಗಳು ಹೋದವು. ಊರು ಎದ್ದು ಹೋದರೂ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯ ನೀರಿನಲ್ಲಿಯೇ ಉಳಿಯಿತು. ಬರಗಾಲದಲ್ಲಿ ಜಲಾಶಯ ತಗ್ಗಿದಾಗಲೆಲ್ಲ ಅದು ಮೇಲೆದ್ದು ಕಾಣುತ್ತಿತ್ತು. ಈಚಿನ ದಶಕಗಳಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ಬಳಿ ಮತ್ತೆ ಕಟ್ಟಲಾಗಿದೆ. ದೇವಾಲಯವನ್ನು ಹೀಗೆ ಸಾಗಿಸಬಹುದು. ಕೆರೆಯ ಕೆಳಗಿನ ಗದ್ದೆಯನ್ನಾಗಲಿ, ಗದ್ದೆಯಲ್ಲಿ ಕೂಲಿ ಮಾಡುವವನಿಗಿದ್ದ ಕೆಲಸವನ್ನಾಗಲಿ ಸಾಗಿಸಲಾಗದು. ಅಂದಿನ ಭೂಸ್ವಾಧೀನದ ಕಾನೂನು ಕಂಡದ್ದು ಒಡೆಯನನ್ನು ಮಾತ್ರ. ಗೇಣಿದಾರ, ಕೂಲಿ, ಕುಂಬಾರ, ಮೀನು ಹಿಡಿಯುವವ ಲೆಕ್ಕಕ್ಕೆ ಬರಲಿಲ್ಲ. ಭೂಮಿಯನ್ನು ನಂಬಿ ಬದುಕುವವರನ್ನೂ ಸಂತ್ರಸ್ತರೆಂದು ಗುರುತಿಸುವ ಕೇಂದ್ರ ಕಾನೂನು ಬಂದದ್ದು 2013ರಲ್ಲಿ.

ಈ ಮುಳುಗಡೆಯಲ್ಲಿ ವಿದ್ಯುತ್ತಿನ ಪಾಲೆಷ್ಟು, ನೀರಾವರಿಯ ಪಾಲೆಷ್ಟು? ನನ್ನ ಅಭಿಪ್ರಾಯದಲ್ಲಿ ದೊಡ್ಡ ಪಾಲು ನೀರಾವರಿಯದೇ. ಆದರೆ ಶಿವನಸಮುದ್ರವನ್ನು 'ಮುಳುಗಡೆಯಿಲ್ಲದ ಯೋಜನೆ' ಎಂದು ಕರೆಯುವುದು ಇನ್ನು ಮುಂದೆ ಸರಿಯಲ್ಲ. ಅದರ ಮುಳುಗಡೆ ಬೇರೆ ತಾಲ್ಲೂಕಿನಲ್ಲಿ, ಬೇರೆ ಹೆಸರಿನ ಕೆಳಗೆ ದಾಖಲಾಗಿದೆ. ಇನ್ನೊಂದು ಮಾತು. ಯಾವ ಗಣಿಗಾಗಿ ಇದೆಲ್ಲ ಶುರುವಾಯಿತೋ ಆ ಗಣಿ 2001ರಲ್ಲಿ ಮುಚ್ಚಿತು. ಲಾಭಕ್ಕೆ ಆಯುಸ್ಸು ಇರುತ್ತದೆ. ಮುಳುಗಿದ ಊರಿಗೆ ಮರಳಿ ಬರುವ ದಿನವಿಲ್ಲ.

ಕೆಳಗಡೆ 1925ರಿಂದ 1934ರವರೆಗೆ ಮೆಟ್ಟೂರು ಕಟ್ಟಲಾಯಿತು. 93 ಟಿಎಂಸಿಗೂ ಹೆಚ್ಚಿನ ಸಂಗ್ರಹ. ಅಲ್ಲಿಯೂ ನೀರು ತಗ್ಗಿದಾಗ ನಂದಿಯೊಂದು, ಇಗರ್ಜಿಯ ಗೋಪುರವೊಂದು ಕಾಣಿಸಿಕೊಳ್ಳುತ್ತವೆ. ಹೀಗೆ ಹನೂರು ಸೀಮೆಯ ಮೇಲೊಂದು, ಕೆಳಗೊಂದು ದೊಡ್ಡ ಕಟ್ಟೆ. ನಡುವೆ ಉಳಿದಿರುವ ಹರಿಯುವ ನದಿಯ ತುಂಡು ಯಾಕೆ ಮುಖ್ಯ ಎಂದು ಜೀವಶಾಸ್ತ್ರದ ವಿದ್ಯಾರ್ಥಿಗಳು ಕೇಳಬೇಕು. ಇಲ್ಲಿ ಕಾವೇರಿಗೆ ಮಾತ್ರ ವಿಶಿಷ್ಟವಾದ ಡುಬ್ಬದ ಮಹಸೀರ್ ಮೀನಿದೆ. ಅಂತರರಾಷ್ಟ್ರೀಯ ಪಟ್ಟಿ 2018ರಲ್ಲಿ ಅದನ್ನು ವಿನಾಶದ ಅತಿ ಅಂಚಿನಲ್ಲಿರುವ ಪ್ರಭೇದವೆಂದು ಗುರುತಿಸಿತು. ಅದಕ್ಕೆ ಬಂಡೆಗಳ ನಡುವೆ ಹರಿಯುವ, ಆಮ್ಲಜನಕ ತುಂಬಿದ ನೀರು ಬೇಕು; ನಿಂತ ನೀರಿನ ತಳದಲ್ಲಿ ಆಮ್ಲಜನಕ ಕುಸಿಯುತ್ತದೆ. ಮುಳುಗಿದ ಗಿಡಮರ ಅಲ್ಲಿ ಕೊಳೆತು ಮೀಥೇನ್ ಹೊರಬರುತ್ತದೆ. ಮರಳು, ಮೆಕ್ಕಲು ಗೋಡೆಯ ಹಿಂದೆಯೇ ಉಳಿದು, ಕೆಳಗಿನ ದಡಗಳಿಗೂ ಸಮುದ್ರದ ಬಳಿಯ ನದೀಮುಖಜ ಭೂಮಿಗೂ ತಲುಪುವುದಿಲ್ಲ.

ನಾಡಿನ ಇನ್ನೊಂದು ತುದಿಯ ಉದಾಹರಣೆಯೊಂದನ್ನು ಇಲ್ಲಿ ತರಲೇಬೇಕು. 1964ರಲ್ಲಿ ಲಿಂಗನಮಕ್ಕಿ ತುಂಬಿ ರಾಜ್ಯಕ್ಕೆ ಸಾವಿರ ಮೆಗಾವಾಟ್‌ಗೂ ಮೀರಿದ ಶರಾವತಿ ವಿದ್ಯುತ್ತನ್ನು ಕೊಟ್ಟಿತು. ಹಿನ್ನೀರಿನಿಂದ ತುಂಡಾದ ಸಿಗಂದೂರು ಕಡೆಯ ಜನ ಲಾಂಚ್‌ಗಾಗಿ ಕಾದು ನಿಲ್ಲುವ ಪರಿಸ್ಥಿತಿ, ಸೇತುವೆ ತೆರೆದ 2025ರ ಜುಲೈವರೆಗೂ ಇತ್ತು. ಸಂತ್ರಸ್ತರಿಗೆ ಕೊಟ್ಟ ಕಾಡಿನ ಜಮೀನಿನ ಹಕ್ಕುಪತ್ರದ ಗೊಂದಲವಂತೂ ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಬಹುಶಃ ಇದನ್ನು ಕಂಡದ್ದರಿಂದಲೇ ಉತ್ತರ ಕನ್ನಡದ ಅಡಿಕೆ ಬೆಳೆಗಾರರು 1981ರ ಜನವರಿಯಲ್ಲಿ ವಿಜ್ಞಾನಿಗಳನ್ನು ಶಿರಸಿಗೆ ಕರೆಸಿ, ಬೇಡ್ತಿ ಯೋಜನೆಯ ಲಾಭ ನಷ್ಟವನ್ನು ತಾವೇ ಲೆಕ್ಕ ಹಾಕಿಸಿದರು. ಆ ಯೋಜನೆ ಕೈಬಿಟ್ಟುಹೋಯಿತು. ಜಾಗತಿಕ ಅಣೆಕಟ್ಟು ಆಯೋಗ 2000ದ ನವೆಂಬರ್‌ನಲ್ಲಿ ವರದಿ ಕೊಟ್ಟಾಗ, ದೊಡ್ಡ ಅಣೆಕಟ್ಟುಗಳಿಂದ ಪ್ರಪಂಚದಲ್ಲಿ 4ರಿಂದ 8 ಕೋಟಿ ಜನ ನೆಲೆ ಕಳೆದುಕೊಂಡಿದ್ದಾರೆ ಎಂದಿತು. ಪರಿಶೀಲಿಸಿದ ಯೋಜನೆಗಳ ಖರ್ಚು ಅಂದಾಜನ್ನು ಸರಾಸರಿ ನೂರಕ್ಕೆ 56ರಷ್ಟು ಮೀರಿತ್ತು.

ಈಗ ಪೆನ್ಸಿಲಿನ ಚುಕ್ಕಿಯ ಹತ್ತಿರಕ್ಕೆ ಮರಳಿ. 2019ರಲ್ಲಿ ಕರ್ನಾಟಕ ಸಲ್ಲಿಸಿದ ಮೇಕೆದಾಟು ಯೋಜನಾ ವರದಿಯಲ್ಲಿ ಸುಮಾರು 67 ಟಿಎಂಸಿ ಸಂಗ್ರಹ, 400 ಮೆಗಾವಾಟ್ ವಿದ್ಯುತ್, 9,000 ಕೋಟಿ ರೂಪಾಯಿ ಅಂದಾಜು ಇತ್ತು. ಮುಳುಗಡೆ ಸುಮಾರು 5,250 ಹೆಕ್ಟೇರ್. ಬಹುತೇಕ ಎಲ್ಲವೂ ಕಾವೇರಿ ವನ್ಯಧಾಮ ಮತ್ತು ಮೀಸಲು ಅರಣ್ಯ. ಮುಖ್ಯ ಉದ್ದೇಶ ಬೆಂಗಳೂರಿನ ಕುಡಿಯುವ ನೀರು. ಸುಪ್ರೀಂ ಕೋರ್ಟ್ 2018ರಲ್ಲಿ ಅದಕ್ಕಾಗಿ ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ. ತಮಿಳುನಾಡಿನ ಆಕ್ಷೇಪ ಇನ್ನೂ ಕಾಲ ಕೂಡಿಬಾರದ್ದು ಎಂದು ಅದೇ ನ್ಯಾಯಾಲಯ 2025ರ ನವೆಂಬರ್‌ನಲ್ಲಿ ಹೇಳಿ, ವಿಷಯವನ್ನು ಕೇಂದ್ರ ಜಲ ಆಯೋಗದ ತಜ್ಞರ ಮುಂದಿಟ್ಟಿದೆ.

ತರಗತಿಯಲ್ಲಿ ಮಾಡಿಸಬಹುದಾದ ಒಂದು ಲೆಕ್ಕ ಇಲ್ಲಿದೆ. ಜಲಾಶಯ ವರ್ಷವಿಡೀ ತುಂಬಿರುತ್ತದೆ, ವರ್ಷಕ್ಕೆ ಒಂದೂವರೆ ಮೀಟರ್ ನೀರು ಆವಿಯಾಗುತ್ತದೆ ಎಂದು ಭಾವಿಸಿ. 5,250 ಹೆಕ್ಟೇರ್ ಎಂದರೆ 5 ಕೋಟಿ 25 ಲಕ್ಷ ಚದರ ಮೀಟರ್. ಒಂದೂವರೆಯಿಂದ ಗುಣಿಸಿದರೆ ಸುಮಾರು 7 ಕೋಟಿ 88 ಲಕ್ಷ ಘನ ಮೀಟರ್. ಒಂದು ಟಿಎಂಸಿಗೆ 2 ಕೋಟಿ 83 ಲಕ್ಷ ಘನ ಮೀಟರ್‌ನಂತೆ ಭಾಗಿಸಿದರೆ 2.8 ಟಿಎಂಸಿ. ಜಲಾಶಯ ಸದಾ ತುಂಬಿರುವುದಿಲ್ಲವಾದ್ದರಿಂದ ನಿಜವಾದ ಅಂಕಿ ಇದಕ್ಕಿಂತ ಕಡಿಮೆಯೇ ಇದ್ದೀತು. ಎಷ್ಟು ಕಡಿಮೆ ಎಂಬುದನ್ನು ಅರ್ಧ ತುಂಬಿದ, ಕಾಲು ತುಂಬಿದ ಜಲಾಶಯದ ವಿಸ್ತಾರ ಊಹಿಸಿ ವಿದ್ಯಾರ್ಥಿಗಳು ಲೆಕ್ಕ ಹಾಕಲಿ. ಪಕ್ಕದಲ್ಲಿ ಆ 4.75ನ್ನೂ ಬರೆದಿಟ್ಟುಕೊಳ್ಳಲಿ.