ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷ: ಔಷಧಿಯ ಕುರಿತ ನಿರ್ಧಾರ

ತೀವ್ರ ಭಾವೋದ್ವೇಗ, ಪರಿತ್ಯಕ್ತರಾಗುವ ಭಯ ಹಾಗೂ ಸ್ವಹಾನಿಯ ಪ್ರವೃತ್ತಿ ಈ ದೋಷದ ಪ್ರಮುಖ ಲಕ್ಷಣಗಳಾಗಿರುತ್ತವೆ. ಇದಕ್ಕೆಂದೇ ನಿರ್ದಿಷ್ಟ ಔಷಧಿ ಇರುವುದಿಲ್ಲ. ಮನೋಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ಜೊತೆಗಿರುವ ಖಿನ್ನತೆ, ಆತಂಕ ಮುಂತಾದವುಗಳಿಗೆ ಮನೋವೈದ್ಯರು ಔಷಧಿ ನೀಡಬಹುದಾಗಿದೆ.

ಸಮ್ಮತಿ: ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರನ್ವಯ, 18 ವರ್ಷ ತುಂಬಿದ, ನಿರ್ಧಾರ ಸಾಮರ್ಥ್ಯವುಳ್ಳ ವ್ಯಕ್ತಿಯ ಚಿಕಿತ್ಸೆಗೆ ಆ ವ್ಯಕ್ತಿಯದೇ ಸಮ್ಮತಿ ಅಗತ್ಯ. ರೋಗವಿದೆ ಎಂಬ ಕಾರಣದಿಂದಲೇ ಈ ಹಕ್ಕು ಇಲ್ಲವಾಗುವುದಿಲ್ಲ. ಔಷಧಿಯ ಉದ್ದೇಶ, ಅಡ್ಡಪರಿಣಾಮ, ಅವಧಿ ಮತ್ತು ಪರ್ಯಾಯಗಳನ್ನು ವೈದ್ಯರಿಂದ ಕೇಳಿ ತಿಳಿಯತಕ್ಕದ್ದು. ಕಲಂ 5ರಡಿ ಮುಂಗಡ ನಿರ್ದೇಶನ ಬರೆದಿಡಲು, ಕಲಂ 14ರಡಿ ಪ್ರತಿನಿಧಿಯನ್ನು ನಾಮನಿರ್ದೇಶನ ಮಾಡಲು ಅವಕಾಶವಿರುತ್ತದೆ.

ಪೋಷಕರ ಗಮನಕ್ಕೆ: ಗಂಜಿ, ಚಹಾದಲ್ಲಿ ಗುಟ್ಟಾಗಿ ಔಷಧಿ ಬೆರೆಸಬಾರದು, ಅದು ತಿಳಿದ ದಿನ ಔಷಧಿಯೊಡನೆ ಮನೆಯವರ ಮೇಲಿನ ವಿಶ್ವಾಸವೂ ಹೋಗಬಹುದು. ವೈದ್ಯರನ್ನು ಕೇಳದೆ ಔಷಧಿಯನ್ನು ಹಠಾತ್ತನೆ ನಿಲ್ಲಿಸಬಾರದು. ಸ್ವಹಾನಿಯ ಅಪಾಯವಿದ್ದಲ್ಲಿ ಮಾತ್ರೆಗಳನ್ನು ಮನೆಯಲ್ಲಿ ಹೆಚ್ಚು ಸಂಗ್ರಹಿಸದೆ, ಅಲ್ಪ ಪ್ರಮಾಣದಲ್ಲಿ ಪಡೆಯುವುದು ಸೂಕ್ತ.

ಸಂಪರ್ಕ: ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ನಾಗರಿಕರು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆಯ ಬಗ್ಗೆ ವಿಚಾರಿಸಬಹುದಾಗಿದೆ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿರುತ್ತದೆ. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡತಕ್ಕದ್ದು.