ನಡೆದು ಮುರಿದ ಪಾದ

ಅಜ್ಜಂಪುರದ ಅಮೃತಮಹಲ್ ಎತ್ತುಗಳು ಮೈಸೂರು ಸೈನ್ಯದ ಫಿರಂಗಿಗಳನ್ನು ಎಳೆದ ಕಥೆಯನ್ನು ನಿಮಗೆಲ್ಲ ತರಗತಿಯಲ್ಲಿ ಹೇಳಿದ್ದೇನೆ. ಸೈನ್ಯದಲ್ಲಿ ನಡೆದ ಮನುಷ್ಯರ ಪಾದಗಳ ಕಥೆ ಆಗ ನನಗೇ ತಿಳಿದಿರಲಿಲ್ಲ.

1855ರಲ್ಲಿ ಪ್ರಷ್ಯದ ಸೇನಾವೈದ್ಯ ಬ್ರೈಟ್‌ಹೌಪ್ಟ್, ದೀರ್ಘ ನಡಿಗೆಯಿಂದ ಸೈನಿಕರ ಪಾದ ಬಾತು ನೋಯುವುದನ್ನು ವರ್ಣಿಸಿ, ಅದನ್ನು ಸ್ನಾಯುರಜ್ಜುಗಳ ಸುತ್ತಣ ಉರಿಯೂತವೆಂದು ಬಗೆದರು. ಪೆಟ್ಟೇ ಬೀಳದೆ ಎಲುಬು ಮುರಿದೀತೆಂದು ಯಾರು ಎಣಿಸಿಯಾರು! 1895ರಲ್ಲಿ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದರು. 1897ರಲ್ಲಿ ಸ್ಟೆಕೋ ಅದರ ನೆರವಿನಿಂದ ನೋಡಿದಾಗ, ಬೆರಳುಗಳ ಹಿಂದಿನ ನೀಳ ಎಲುಬುಗಳೇ ಬಿರುಕು ಬಿಟ್ಟಿದ್ದವು.

ನಿವೃತ್ತಿಯ ಮರುವರ್ಷ ಕಡೂರಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋದ ನನಗೂ ಇದೇ ಆಯಿತು. ಉಳುಕೆಂದು ತರೀಕೆರೆಯ ತಂಗಿ ದಿನವೂ ಎಣ್ಣೆ ತಿಕ್ಕಿದಳು. ನಾನೂ ಹಟದಿಂದ ನಡೆದಾಡಿದೆ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಆರಂಭದಲ್ಲಿ ಹಾಗಾಗುವುದುಂಟಂತೆ. ಮೂರು ವಾರದ ಬಳಿಕ ತೆಗೆಸಿದ ಎರಡನೆಯದರಲ್ಲಿ, ಬಿರುಕಿನ ಸುತ್ತ ಹೊಸ ಎಲುಬು ಕೂಡುತ್ತಿದ್ದುದು ಕಂಡಿತು.

ನಡೆದಷ್ಟೂ ಹೆಚ್ಚಿ, ಕುಳಿತರೆ ತಗ್ಗುವ ನೋವು. ಎಲುಬಿನ ಮೇಲೆ ಒಂದೇ ಜಾಗದಲ್ಲಿ ಬೆರಳೊತ್ತಿದರೆ ಪ್ರಾಣ ಹೋದಂತಾಗುವುದು. ಮೇಲ್ಪಾದದಲ್ಲಿ ತುಸು ಬಾವು. ಈ ಗುರುತುಗಳಿದ್ದರೆ ಎಣ್ಣೆ ತಿಕ್ಕುತ್ತ ಕೂರಬೇಡಿ, ಎಲುಬಿನ ವೈದ್ಯರಿಗೆ ತೋರಿಸಿ. ಶಿವರಾತ್ರಿಗೆ ನಡೆದು ಹೊರಡುವವರು ದಾರಿಯಲ್ಲಿ ಹೀಗಾದರೆ ಅಲ್ಲಿಂದಲೇ ಬಸ್ಸು ಹತ್ತಿ. ಮಂಜುನಾಥಸ್ವಾಮಿ ಮುನಿಯಲಾರ.