ವಿಚ್ಛೇದನ ಪ್ರಕರಣ ಬಾಕಿ ಇರುವಾಗ ವಾಸಸ್ಥಳ ಹಾಗೂ ಪಡಿತರ ದಾಖಲೆಗಳು: ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ವಿವಾಹದ ನಂತರ ಮಹಿಳೆಯ ಪಡಿತರ ಚೀಟಿ, ಆಧಾರ್ ಮತ್ತು ಮತದಾರರ ಗುರುತಿನ ಚೀಟಿಗಳು ಸಾಮಾನ್ಯವಾಗಿ ಗಂಡನ ಮನೆಯ ವಿಳಾಸಕ್ಕೆ ಬದಲಾಗಿರುತ್ತವೆ. ದಾಂಪತ್ಯದಲ್ಲಿ ವಿರಸ ಉಂಟಾಗಿ ಆಕೆ ತವರುಮನೆಗೆ ಮರಳಿದಾಗ ವ್ಯಕ್ತಿ ಒಂದೆಡೆ, ದಾಖಲೆಗಳು ಮತ್ತೊಂದೆಡೆ ಉಳಿಯುತ್ತವೆ. ಈ ತಾಲ್ಲೂಕುಗಳು ಗದಗ ಜಿಲ್ಲೆಯ ಅಂಚಿನಲ್ಲಿರುವುದರಿಂದ ಸವದತ್ತಿ, ನವಲಗುಂದ, ಬಾದಾಮಿ, ಕುಷ್ಟಗಿ ಅಥವಾ ಯಲಬುರ್ಗಾ ಕಡೆಗೆ ಮದುವೆಯಾಗಿ ಹೋದವರ ದಾಖಲೆಗಳು ಬೇರೆ ಜಿಲ್ಲೆಯ ವ್ಯಾಪ್ತಿಯಲ್ಲಿರುತ್ತವೆ. ನ್ಯಾಯಾಲಯದ ತೀರ್ಪು ಬರುವವರೆಗೆ ಏನನ್ನೂ ಬದಲಾಯಿಸುವಂತಿಲ್ಲವೆಂಬ ತಪ್ಪು ತಿಳಿವಳಿಕೆಯಿಂದ ಅನೇಕರು ಪಡಿತರ ಮತ್ತು ಇತರ ಸೌಲಭ್ಯಗಳಿಂದ ವಂಚಿತರಾಗುತ್ತಾರೆ. ಅಂತಹವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಮೂಲ ತತ್ವ

ವಾಸಸ್ಥಳವೆಂದರೆ ಅರ್ಜಿದಾರರು ವಾಸ್ತವವಾಗಿ ವಾಸಿಸುತ್ತಿರುವ ಸ್ಥಳ. ಅದು ವೈವಾಹಿಕ ಸ್ಥಿತಿಯನ್ನು ಅವಲಂಬಿಸಿರುವುದಿಲ್ಲ. ಆದುದರಿಂದ ವಿಳಾಸ ಬದಲಾವಣೆಗೆ ವಿಚ್ಛೇದನದ ಆದೇಶವಾಗಲಿ, ಗಂಡನ ಒಪ್ಪಿಗೆ ಪತ್ರವಾಗಲಿ ಬೇಕಾಗಿಲ್ಲ. ಆದರೆ ತೀರ್ಪು ಬರುವವರೆಗೆ ವಿವಾಹವು ಕಾನೂನಿನ ದೃಷ್ಟಿಯಲ್ಲಿ ಊರ್ಜಿತವಾಗಿರುತ್ತದೆ. ವೈವಾಹಿಕ ಸ್ಥಿತಿಯ ಅಂಕಣದಲ್ಲಿ "ವಿವಾಹಿತೆ, ಪ್ರತ್ಯೇಕ ವಾಸ" ಎಂದೇ ನಮೂದಿಸತಕ್ಕದ್ದು. "ವಿಚ್ಛೇದಿತೆ" ಅಥವಾ "ವಿಧವೆ" ಎಂದು ಬರೆಯುವುದು ಸುಳ್ಳು ಘೋಷಣೆಯಾಗುತ್ತದೆ.

2. ಗಂಡನ ಮನೆಯ ಹಕ್ಕು

ವಿಳಾಸ ಬದಲಾಯಿಸಿದರೆ ಗಂಡನ ಮನೆಯ ಮೇಲಿನ ಹಕ್ಕು ಹೋಗುವುದೆಂಬ ಆತಂಕ ಸಹಜ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರ ಕಲಂ 17ರನ್ವಯ ಪಾಲಿನ ಮನೆಯಲ್ಲಿ ವಾಸಿಸುವ ಹಕ್ಕು ಪತ್ನಿಗೆ ಇದೆ. ಮನೆ ಆಕೆಯ ಹೆಸರಿನಲ್ಲಿರಬೇಕೆಂದಿಲ್ಲ. ಹಿಂದೆ ಯಾವುದೇ ಹಂತದಲ್ಲಿ ವಾಸಿಸಿದ್ದ ಮನೆಯೂ ಈ ವ್ಯಾಖ್ಯೆಗೆ ಒಳಪಡುತ್ತದೆ. ಅದು ಅತ್ತೆ ಮಾವಂದಿರ ಮನೆಯೂ ಆಗಿರಬಹುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿದೆ. ವಿಳಾಸ ಬದಲಾವಣೆ ಮಾತ್ರದಿಂದಲೇ ಈ ಹಕ್ಕು ನಷ್ಟವಾಗುವುದಿಲ್ಲ. ಹಿಂದೂ ವಿವಾಹ ಅಧಿನಿಯಮ, 1955ರ ಕಲಂ 19ರನ್ವಯ ಪತ್ನಿಯು ತಾನು ವಾಸಿಸುತ್ತಿರುವ ಸ್ಥಳದ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ಅರ್ಜಿ ಸಲ್ಲಿಸಬಹುದಾದುದರಿಂದ, ತವರಿನ ವಿಳಾಸದ ದಾಖಲೆಯು ಆಕೆಗೆ ಸಹಾಯಕವೇ ಆಗುತ್ತದೆ.

3. ಅನುಸರಿಸಬೇಕಾದ ಕ್ರಮ

(ಅ) ಆಧಾರ್: 2023ರಿಂದ ಕುಟುಂಬದ ಮುಖ್ಯಸ್ಥರ ಆಧಾರದ ಮೇಲೆ ವಿಳಾಸ ಬದಲಾಯಿಸಲು ಅವಕಾಶವಿದೆ. ತಂದೆ ಅಥವಾ ತಾಯಿಯ ಆಧಾರ್‌ನಲ್ಲಿ ತವರಿನ ವಿಳಾಸವಿದ್ದಲ್ಲಿ ಅವರ ಸಮ್ಮತಿ ಸಾಕು. ಆನ್‌ಲೈನ್ ಕೋರಿಕೆಯಾದಲ್ಲಿ ಸಮ್ಮತಿಯನ್ನು 30 ದಿನಗಳೊಳಗೆ ನೀಡತಕ್ಕದ್ದು. ಗಂಡನ ಹೆಸರು ಕಡ್ಡಾಯವಲ್ಲ.

(ಆ) ವಾಸಸ್ಥಳ ದೃಢೀಕರಣ ಪತ್ರ: ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಗ್ರಾಮ ಆಡಳಿತ ಅಧಿಕಾರಿಯವರು ಸ್ಥಳ ಪರಿಶೀಲನೆಗೆ ಬಂದಾಗ ತವರಿನ ಮನೆ ಕರ ಪಾವತಿ ರಸೀದಿ, ವಿದ್ಯುತ್ ಬಿಲ್ಲು ಹಾಗೂ ವಾಸವಿರುವ ಬಗ್ಗೆ ನೆರೆಹೊರೆಯವರ ಹೇಳಿಕೆ ಉಪಯುಕ್ತವಾಗುತ್ತವೆ. ಗಜೇಂದ್ರಗಡವು 2018ರಲ್ಲಿ ರೋಣದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಗಿರುವುದರಿಂದ, ಹಳೆಯ ದಾಖಲೆಗಳಲ್ಲಿ "ತಾ: ರೋಣ" ಎಂದಿದ್ದರೂ ಗ್ರಾಮವು ಈಗ ಯಾವ ತಾಲ್ಲೂಕಿಗೆ ಸೇರಿದೆಯೆಂಬುದನ್ನು ಖಚಿತಪಡಿಸಿಕೊಂಡು ಅರ್ಜಿ ಸಲ್ಲಿಸತಕ್ಕದ್ದು.

(ಇ) ಮತದಾರರ ಪಟ್ಟಿ: ವಾಸಸ್ಥಳ ಬದಲಾವಣೆಗೆ ನಮೂನೆ 8ನ್ನು ಭರ್ತಿ ಮಾಡತಕ್ಕದ್ದು.

(ಈ) ಪಡಿತರ ಚೀಟಿ: ಒಬ್ಬರ ಹೆಸರು ಎರಡು ಚೀಟಿಗಳಲ್ಲಿ ಇರುವಂತಿಲ್ಲ. ಗಂಡನ ಮನೆಯ ಚೀಟಿಯಿಂದ ತನ್ನ ಹೆಸರನ್ನು ತೆಗೆಯುವಂತೆ ಆ ತಾಲ್ಲೂಕಿನ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಚೀಟಿ ಗಂಡನ ಮನೆಯವರ ವಶದಲ್ಲಿದ್ದರೆ ಅದರ ಸಂಖ್ಯೆಯನ್ನು ತಿಳಿಸಿದರೆ ಸಾಕು. ಆಕೆಯೊಂದಿಗೆ ವಾಸಿಸುವ ಮಕ್ಕಳ ಹೆಸರುಗಳನ್ನೂ ಅದೇ ಮನವಿಯಲ್ಲಿ ಸೇರಿಸತಕ್ಕದ್ದು. ಸೇರ್ಪಡೆ ಮತ್ತು ಹೊಸ ಚೀಟಿಯ ಅರ್ಜಿಗಳನ್ನು ಸರ್ಕಾರವು ಅವಕಾಶ ನೀಡಿದ ಅವಧಿಯಲ್ಲಿ ಮಾತ್ರ ಸ್ವೀಕರಿಸಲಾಗುವುದರಿಂದ ತೆಗೆಯುವ ಮೊದಲು ಸೇರ್ಪಡೆಗೆ ಅವಕಾಶವಿದೆಯೇ ಎಂದು ವಿಚಾರಿಸುವುದು ಸೂಕ್ತ. ಇಲ್ಲವಾದಲ್ಲಿ ಎರಡೂ ಕಡೆ ಹೆಸರಿಲ್ಲದ ಸ್ಥಿತಿ ಬರಬಹುದು.

4. ಗೃಹಲಕ್ಷ್ಮಿ ಮತ್ತು ಪಿಂಚಣಿ

ಆಗಸ್ಟ್ 2023ರಲ್ಲಿ ಜಾರಿಗೆ ಬಂದ ಗೃಹಲಕ್ಷ್ಮಿ ಯೋಜನೆಯ ಮಾಸಿಕ ರೂ. 2000 ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯೆಂದು ನಮೂದಾದವರಿಗೆ ಸಂದಾಯವಾಗುತ್ತದೆ. ತಾಯಿಯ ಚೀಟಿಗೆ ಸೇರಿದ ಮಗಳಿಗೆ ಪ್ರತ್ಯೇಕವಾಗಿ ದೊರೆಯುವುದಿಲ್ಲ. ಅವಿವಾಹಿತ ಹಾಗೂ ವಿಚ್ಛೇದಿತ ಮಹಿಳೆಯರಿಗಾಗಿ ಇರುವ ಮನಸ್ವಿನಿ ಯೋಜನೆಗೆ ವಿಚ್ಛೇದಿತೆಯೆಂಬ ನೆಲೆಯಲ್ಲಿ ಅರ್ಜಿ ಸಲ್ಲಿಸುವುದು ತೀರ್ಪಿನ ನಂತರವೇ ಸಾಧ್ಯ.

5. ಸೋಡಚೀಟಿಯ ಬಗ್ಗೆ

ಹಿರಿಯರ ಸಮಕ್ಷಮ ಬಾಂಡ್ ಕಾಗದದ ಮೇಲೆ ಬರೆದುಕೊಂಡ ಸೋಡಚೀಟಿಯು ನ್ಯಾಯಾಲಯದ ಆದೇಶಕ್ಕೆ ಸಮನಲ್ಲ. ಹಿಂದೂ ವಿವಾಹ ಅಧಿನಿಯಮದ ಕಲಂ 29(2) ರೂಢಿಗತ ವಿಚ್ಛೇದನವನ್ನು ಉಳಿಸಿದೆಯಾದರೂ ಅಂತಹ ರೂಢಿ ಆ ಸಮುದಾಯದಲ್ಲಿ ಇದೆಯೆಂಬುದನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕಾಗುತ್ತದೆ. ಸೋಡಚೀಟಿಯನ್ನು ನಂಬಿ ದಾಖಲೆಗಳಲ್ಲಿ "ವಿಚ್ಛೇದಿತೆ" ಎಂದು ಬರೆಸಿದವರು ಮುಂದೆ ಜೀವನಾಂಶ ಕೋರುವಾಗ ತೊಂದರೆಗೊಳಗಾಗುವ ಸಂಭವವಿದೆ.

6. ಮಕ್ಕಳ ಶಾಲೆ

ಶಿಕ್ಷಣ ಹಕ್ಕು ಅಧಿನಿಯಮ, 2009ರ ಕಲಂ 5ರನ್ವಯ, ಪ್ರಾಥಮಿಕ ಶಿಕ್ಷಣದ ಹಂತದಲ್ಲಿ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶ ನಿರಾಕರಿಸುವಂತಿಲ್ಲ.

7. ವಿಳಂಬ, ತಿರಸ್ಕಾರ ಮತ್ತು ನೆರವು

ಸಕಾಲ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ತಪ್ಪದೇ ಪಡೆಯತಕ್ಕದ್ದು. ನಿಗದಿತ ಅವಧಿ ಮೀರಿದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. "ಗಂಡನನ್ನು ಕರೆದುಕೊಂಡು ಬನ್ನಿ" ಎಂದು ಮೌಖಿಕವಾಗಿ ತಿಳಿಸಿದಲ್ಲಿ ಕಾರಣವನ್ನು ಲಿಖಿತವಾಗಿ ನೀಡುವಂತೆ ಕೋರಬಹುದು.

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರನ್ವಯ ಮಹಿಳೆಯರು ವರಮಾನದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಅಥವಾ ಸಹಾಯವಾಣಿ 15100ನ್ನು ಸಂಪರ್ಕಿಸಬಹುದು. ದೌರ್ಜನ್ಯದ ಸಂದರ್ಭದಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ದೂರು ನೀಡಬಹುದು.

ವಿಶೇಷ ಸೂಚನೆ: ಪ್ರತಿ ಅರ್ಜಿಯ ಹಾಗೂ ಸ್ವೀಕೃತಿಯ ಎರಡು ಜೆರಾಕ್ಸ್ ಪ್ರತಿಗಳನ್ನು ಇಟ್ಟುಕೊಂಡು, ಒಂದನ್ನು ತಮ್ಮ ವಕೀಲರಿಗೆ ನೀಡತಕ್ಕದ್ದು. ಪ್ರತ್ಯೇಕ ವಾಸ ಆರಂಭವಾದ ದಿನಾಂಕವನ್ನು ಎಲ್ಲ ಅರ್ಜಿಗಳಲ್ಲಿಯೂ ಒಂದೇ ರೀತಿಯಾಗಿ ನಮೂದಿಸತಕ್ಕದ್ದು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷದ ಪ್ರತ್ಯೇಕ ವಾಸ ಅವಶ್ಯವಿರುವುದರಿಂದ ಈ ದಿನಾಂಕವು ಮಹತ್ವದ್ದಾಗಿರುತ್ತದೆ.